ರಜೆಯ ಸಂಕಲ್ಪ

ಮೈಸೂರಲ್ಲಿ ಆರು ವರ್ಷ ಹಲ್ಲು ಕಿತ್ತವಳು ನಾನು. ಹೊರದೇಶಕ್ಕೆ, ಈ ಬ್ಲ್ಯಾಕ್‌ಟೌನ್‌ಗೆ ಬಂದ ಮೇಲೆ, ಇನ್ನೊಬ್ಬರು ಹಲ್ಲು ಕೀಳುವಾಗ ಎಂಜಲು ಹೀರುವ ಪೈಪು ಹಿಡಿದು ನಿಂತೆ. ಇಲ್ಲಿ ಡೆಂಟಿಸ್ಟ್ ಆಗಬೇಕಾದರೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು, ಅಲ್ಲಿಯವರೆಗೆ ಅಸಿಸ್ಟೆಂಟ್. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿದ್ದದ್ದು ನಮ್ಮ ಕ್ಲಿನಿಕ್ಕಿನ ಬಾಸ್ ಬಗ್ಗೆ.

ಅವರೂ ಮೈಸೂರಿನವರೇ. ಮೊದಲ ದಿನವೇ "ಬಾಸು ಗೀಸು ಅನ್ಬೇಡಮ್ಮ, ಅಂಕಲ್ ಅನ್ನು. ನೀನು ನಮ್ಮನೆ ಮಗಳು" ಅಂದರು. ನಾನು ಕರಗಿ ನೀರಾದೆ. ಹೇಳಿಕೊಳ್ಳೋಕೆ ಮಗಳು, ದುಡಿಯೋಕೆ ಕತ್ತೆ! ಶನಿವಾರದ ಡ್ಯೂಟಿ ಖಾಯಂ ನನಗೇ. ಊಟದ ಹೊತ್ತಲ್ಲಿ ಅವರ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ಕರಿಬೇವು ತರಬೇಕು. ಇನ್ನೊಬ್ಬಳು ಅಸಿಸ್ಟೆಂಟ್ ಇಲ್ಲೇ ಹುಟ್ಟಿ ಬೆಳೆದವಳು. ಐದಾದರೆ ಬ್ಯಾಗ್ ಹೆಗಲಿಗೇರಿಸಿ ನಡೆದುಬಿಡೋಳು. ಅವಳನ್ನು ಯಾರೂ ಮಗಳು ಅಂದಿರಲಿಲ್ಲ, ಪುಣ್ಯವಂತೆ.

ಪ್ರಾಕ್ಟಿಕಲ್ ಪರೀಕ್ಷೆ ಮೆಲ್ಬರ್ನ್‌ನಲ್ಲಿ, ಶುಕ್ರವಾರ ಮತ್ತು ಶನಿವಾರ. ಬೊಂಬೆ ತಲೆಯೊಂದನ್ನು ಅಡುಗೆಮನೆಯಲ್ಲಿಟ್ಟುಕೊಂಡು ನಾನು ಪ್ಲಾಸ್ಟಿಕ್ ಹಲ್ಲು ಕೊರೆದೂ ಕೊರೆದೂ, ರೂಮ್‌ಮೇಟ್‌ಗಳು ಒಗ್ಗರಣೆ ಹಾಕೋಕೂ ಹೆದರುತ್ತಿದ್ದರು. ಈ ಸಲ ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ನನ್ನ ವೀಸಾ ಮುಗಿಯುತ್ತಿತ್ತು. ರಜೆ ಕೇಳಿದೆ. "ಶನಿವಾರ ಫುಲ್ ಬುಕ್ ಆಗಿದೆ ಮಗಳೇ, ಮುಂದಿನ ಸಲ ನೋಡೋಣ" ಅಂದರು. ಮೂರು ಸಲ ಕೇಳಿದೆ. ಮೂರು ಸಲವೂ ಅದೇ ರಾಗ. ಹೇಳದೆ ಹೋದರೆ ಕೆಲಸಕ್ಕೇ ಕುತ್ತು. ಮೈಯೆಲ್ಲ ಉರಿದುಹೋಯ್ತು.

ಪರೀಕ್ಷೆಗೆ ಐದು ದಿನ ಇರುವಾಗ ಕ್ವೇಕರ್ಸ್ ಹಿಲ್‌ನ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮನೆ ಮಗಳಲ್ಲವೇ, ಪ್ರಸಾದದ ಸಜ್ಜಿಗೆ ಕೆದಕಲು ನನಗೇ ಕರೆ. ಸಂಕಲ್ಪದ ಹೊತ್ತಿಗೆ ಪುರೋಹಿತರು ಎಲ್ಲರ ಕೈಗೂ ಅಕ್ಷತೆ ಕೊಟ್ಟು, "ನಿಮ್ಮ ನಿಮ್ಮ ಇಷ್ಟಾರ್ಥ ಮನಸ್ಸಲ್ಲೇ ನೆನೆಸ್ಕೊಳ್ಳಿ" ಅಂದರು. ಮನಸ್ಸಲ್ಲಿ ಅಂದಿದ್ದರು, ನಿಜ. ನಾನು ಗಟ್ಟಿಯಾಗಿ ಹೇಳಿಬಿಟ್ಟೆ: "ಸ್ವಾಮೀ, ಈ ಶುಕ್ರವಾರ ಮೆಲ್ಬರ್ನ್‌ನಲ್ಲಿ ನನ್ನ ಪರೀಕ್ಷೆ. ಎರಡು ದಿನ ರಜೆ ಕೊಡೋ ಬುದ್ಧಿ ಅಂಕಲ್‌ಗೆ ಕೊಡಪ್ಪಾ!"

ಕೂತಿದ್ದವರೆಲ್ಲ ತಿರುಗಿ ನೋಡಿದರು. ಮಡಿಪಂಚೆಯಲ್ಲಿದ್ದ ಅಂಕಲ್ ಮುಖ ಕೆಂಪಗಾಯ್ತು. ವಾರವೆಲ್ಲ ಐಟಿ ಕೆಲಸ, ಭಾನುವಾರ ಪೌರೋಹಿತ್ಯ ಮಾಡುವ ಪುರೋಹಿತರು ನಕ್ಕು, "ಏನು ಯಜಮಾನರೇ, ತಥಾಸ್ತು ಅನ್ನೋಣವೇ?" ಅಂದರು. ಕೈಯಲ್ಲಿ ಅಕ್ಷತೆ, ಎದುರಿಗೆ ಕಲಶ. ಇಲ್ಲ ಅನ್ನೋದು ಹೇಗೆ?

"ಆಗ್ಲಿ, ಆಗ್ಲಿ. ನಾನೆಲ್ಲಿ ಬೇಡ ಅಂದೆ?" ಅಂದರು ಅಂಕಲ್. ಮೊದಲು ಚಪ್ಪಾಳೆ ತಟ್ಟಿದ್ದು ಅವರ ಅತ್ತೆ.

ಮೆಲ್ಬರ್ನ್‌ನ ಚಳಿಗೆ ಬೆರಳು ಸೆಟೆದುಕೊಂಡು, ಎರಡೂ ಕೈ ಕಂಕುಳಲ್ಲಿಟ್ಟುಕೊಂಡೇ ಟ್ರಾಮ್‌ನಲ್ಲಿ ಹೋದೆ. ಪಾಸೂ ಆದೆ. ಫಲಿತಾಂಶ ಬಂದ ದಿನ ಬರ್ಫಿ ತಗೊಂಡು ಕ್ಲಿನಿಕ್ಕಿಗೆ ಹೋದಾಗ ಅಂಕಲ್ ರೂಮಿನ ಬಾಗಿಲು ಹಾಕಿ ನನ್ನನ್ನು ಕೂರಿಸಿದರು.

"ನಾನೂ ಬಂದ ಹೊಸದರಲ್ಲಿ ಹೀಗೇ ದುಡಿದೆ. ನನ್ನ ಬಾಸು ಎರಡು ಸಲ ಪರೀಕ್ಷೆಗೆ ಬಿಡಲಿಲ್ಲ. ಬಾತ್‌ರೂಮಲ್ಲಿ ಕೂತು ಅತ್ತಿದ್ದೀನಿ ಮಗಳೇ" ಅಂದರು.

ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಹೇಳಲ್ಲ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಹಾಗಾದ್ರೆ ನಿಮಗೆ ಗೊತ್ತಿತ್ತು, ಅಂಕಲ್" ಅಂದೆ.