ವಾಪಸ್ ಹೋದವರು: ಸೊನ್ನೆ

ನಮ್ಮ ಆಸ್ಪತ್ರೆಗೆ ಎಷ್ಟೋ ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ಜನರ ಬಾಯಲ್ಲಿ ಉಳಿದವನು ಮಿಷನ್ ಡಾಕ್ಟ್ರು ಒಬ್ಬನೇ. ಅವನು ಡಾಕ್ಟರಲ್ಲ, ಯಂತ್ರ ರಿಪೇರಿ ಮಾಡುವವನು. ಡಯಾಲಿಸಿಸ್ ಕೋಣೆಯಲ್ಲಿ ಎರಡು ಮುದಿ ಮಿಷನ್‌ಗಳಿದ್ದವು. ಮೂರನೆಯದು ಎಂದೋ ಸತ್ತು ಮೂಲೆ ಸೇರಿತ್ತು. ಅದರ ಹೊಟ್ಟೆಯಿಂದ ಪಂಪು, ಪೈಪು ಕಿತ್ತು ಇವೆರಡಕ್ಕೆ ಜೋಡಿಸಿ ಆರು ವರ್ಷ ಓಡಿಸಿದ ಪುಣ್ಯಾತ್ಮ ಅವನು.

ವಾರಕ್ಕೆರಡು ಸಲ ಅವನ ಅಕ್ಕನೂ ಅಲ್ಲೇ ಮಲಗುತ್ತಿದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಿಷನ್ ನಿಂತರೆ ಇವನು ಊಟ ಬಿಟ್ಟು ಅದರಡಿ ನುಸುಳುತ್ತಿದ್ದ. ನರ್ಸಮ್ಮ ರೋಗಿಗಳನ್ನು ಕೂರಿಸಿಕೊಂಡು ಕಾಯುತ್ತಿದ್ದರು. ಸಂಜೆಯಾದರೂ ಸರಿ, ಎಲ್ಲರಿಗೂ ಚಿಕಿತ್ಸೆ ಆಗುತ್ತಿತ್ತು.

ನಾನು ಅಲ್ಲಿನ ಗುಮಾಸ್ತ. ತಿಂಗಳ ವರದಿಯಲ್ಲಿ ‘ಯಂತ್ರ ಕೆಟ್ಟು ವಾಪಸ್ ಕಳಿಸಿದ ರೋಗಿಗಳು’ ಎಂಬ ಕಲಂ ಇತ್ತು. ಅದರಲ್ಲಿ ನಾನು ದುಂಡಗೆ ಸೊನ್ನೆ ಬರೆಯುತ್ತಿದ್ದೆ. ಅವನು ಇಣುಕಿ ನೋಡಿ, “ಇನ್ನೂ ಸ್ವಲ್ಪ ದೊಡ್ಡದಾಗಿ ಬರೀರಿ ಗುಮಾಸ್ತರೇ” ಎಂದು ಮೀಸೆ ತಿರುವುತ್ತಿದ್ದ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳುತ್ತಿದ್ದೇವೆಂದು ಇಬ್ಬರಿಗೂ ಹೊಳೆಯಲಿಲ್ಲ.

ಯಾವ ಉಪಕರಣಕ್ಕೆ ಸರ್ಕಾರ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂದು ತೂಗಿ ನೋಡಲೆಂದೇ ಒಂದು ಕಚೇರಿಯಿದೆ. ಹೊಸ ಮಿಷನ್ ಬೇಕೆಂದು ಅಲ್ಲಿಗೆ ಬರೆದೆವು. ‘ಈಗಿನ ಯಂತ್ರಗಳಿಂದ ಯಾವ ರೋಗಿಗೂ ತೊಂದರೆಯಾಗಿಲ್ಲ, ಅಗತ್ಯ ಕಂಡುಬಂದಿಲ್ಲ’ ಎಂದು ಉತ್ತರ ಬಂತು. ನನ್ನ ಸೊನ್ನೆಗಳೇ ಸಾಕ್ಷಿ ಹೇಳಿದ್ದವು!

ಇಬ್ಬರೂ ಬಸ್ಸು ಹತ್ತಿ ಹೋದೆವು. ಅಲ್ಲಿನ ಅಧಿಕಾರಿ ಒಳ್ಳೆಯ ಹೆಂಗಸು, ಕೂರಿಸಿ ನೀರು ಕೊಟ್ಟರು.

“ನಿಮ್ಮ ಮಾತು ನಂಬ್ತೀನಿ. ಆದ್ರೆ ಇದೇ ಹಣಕ್ಕೆ ಇನ್ನೊಂದು ಆಸ್ಪತ್ರೆಯವರು ಹಸುಗೂಸುಗಳನ್ನ ಬೆಚ್ಚಗಿಡೋ ಮಿಷನ್ ಕೇಳಿದ್ದಾರೆ. ಅವರ ವರದೀಲಿ ಸತ್ತ ಮಕ್ಕಳ ಸಂಖ್ಯೆ ಇದೆ. ನಿಮ್ಮದರಲ್ಲಿ ಸೊನ್ನೆ. ನಾನು ಯಾರಿಗೆ ಇಲ್ಲ ಅನ್ಲಿ, ನೀವೇ ಹೇಳಿ?”

ಅವರು ನಮ್ಮ ಅರ್ಜಿಯನ್ನು ಮಡಚಿ ಫೈಲಿಗೆ ಸೇರಿಸಿದರು.

“ಮುಂದಿನ ವರ್ಷ ಮತ್ತೆ ನೋಡ್ತೀವಿ. ಎಷ್ಟು ಜನ ವಾಪಸ್ ಹೋದ್ರು ಅನ್ನೋ ಲೆಕ್ಕ ತನ್ನಿ” ಎಂದರು. ಅವರ ಮೇಲೆ ಸಿಟ್ಟಾಗೋಣವೆಂದರೂ ಆಗಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಒಂದೇ ಮಾತು ಆಡಿದ: “ಹಂಗಾದ್ರೆ ನಾನು ರಿಪೇರಿ ಮಾಡ್ಬಾರ್ದಾ?”

ಮನೆಯಲ್ಲಿ ಅಕ್ಕನ ಹತ್ತಿರ ಏನನ್ನೂ ಮುಚ್ಚಿಡುವವನಲ್ಲ. ಇದನ್ನೂ ಹೇಳಿಬಿಟ್ಟ.

ಮುಂದಿನ ವಾರ, ಅಕ್ಕನ ಸರದಿಯ ಹೊತ್ತಿಗೆ ಸರಿಯಾಗಿ ಒಂದು ಮಿಷನ್ ನಿಂತಿತು; ಇನ್ನೊಂದಕ್ಕೆ ಬೇರೆ ರೋಗಿಗಳು ಸಾಲಾಗಿ ಕಾಯುತ್ತಿದ್ದರು. ಅವನು ಸ್ಕ್ರೂಡ್ರೈವರ್ ಹಿಡಿದು ಹಾಗೇ ನಿಂತುಬಿಟ್ಟ. ಕೆಟ್ಟಿದ್ದು ಕೆಟ್ಟೇ ಇರಲಿ ಎಂದರೆ ಮುಂದೆ ಹೊಸ ಮಿಷನ್, ಆದರೆ ಇವತ್ತು ಅಕ್ಕ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅಳುತ್ತಲೇ ಮಿಷನ್ನಿನ ಹಿಂದೆ ಕೂತು ಬಿಚ್ಚತೊಡಗಿದ.

ಮೂರು ಗಂಟೆ ಹಿಡಿಯಿತು. ಮಿಷನ್ ಗುಂಯ್ ಎಂದಿತು. ತಲೆಯೆತ್ತಿ ನೋಡಿದರೆ ಅಕ್ಕನ ಹಾಸಿಗೆ ಖಾಲಿ. “ಮನೇಲಿ ಕೆಲಸ ಇದೆ ಅಂದ್ರು, ಬೇಡ ಅಂದ್ರೂ ಕೇಳ್ದೆ ಹೊರಟುಹೋದ್ರು” ಎಂದರು ನರ್ಸಮ್ಮ. ಅವನು ಹಿಂದೆಯೇ ಮನೆಗೆ ಓಡಿದ. ಬಾಗಿಲು ಹಾಕಿತ್ತು. ಯಾರದೋ ಮನೆಯಲ್ಲಿ ಅಡಗಿ ಕೂತ ಅವಳು ಅವನ ಕೈಗೆ ಸಿಗಲೇ ಇಲ್ಲ.

ಎರಡು ದಿನ ಬಿಟ್ಟು ಉಸಿರು ಕಟ್ಟಿ, ಮುಖವೆಲ್ಲ ಊದಿಕೊಂಡ ಅವಳನ್ನು ಪಕ್ಕದ ಮನೆಯವರು ಹೊತ್ತು ತಂದರು. ಅದೇ ಮಿಷನ್‌ಗೆ ಹಾಕಿ ಹೇಗೋ ಉಳಿಸಿಕೊಂಡೆವು.

ತಿಂಗಳ ಕೊನೆಗೆ ವರದಿ ತೆಗೆದೆ. ಕೆಳಗೆ ಸಣ್ಣಕ್ಷರದಲ್ಲಿ ನಿಯಮವಿತ್ತು: ಚಿಕಿತ್ಸೆಗೆ ಕಾಯದೆ ತಾವಾಗಿಯೇ ಹೋದವರನ್ನು ‘ಗೈರುಹಾಜರು’ ಎಂದು ಬರೆಯಬೇಕು, ವಾಪಸ್ ಕಳಿಸಿದವರೆಂದಲ್ಲ. ಸುಳ್ಳು ಬರೆಯೋಣವೆಂದರೆ ನರ್ಸಮ್ಮನ ಹಾಜರಿ ಪುಸ್ತಕದಲ್ಲಿ ಆಗಲೇ ಗೈರು ಬಿದ್ದಿತ್ತು. ಸೊನ್ನೆ ಬರೆದೆ.

ಮರುದಿನ ಡಯಾಲಿಸಿಸ್ ಕೋಣೆಗೆ ಹೋದಾಗ ಅಕ್ಕ ಕೊಳವೆ ಚುಚ್ಚಿಸಿಕೊಂಡು ಮಲಗಿದ್ದಳು. ತಮ್ಮ ಕೇಳಿಸಿಕೊಳ್ಳದಂತೆ ಕೈಸನ್ನೆಯಿಂದ ನನ್ನನ್ನು ಹತ್ತಿರ ಕರೆದಳು.

“ನಂದು ಲೆಕ್ಕಕ್ಕೆ ಬಂತಾ?”

“ಬಂತು ಅಕ್ಕಾ” ಎಂದೆ.