ಮೂರು ಸದ್ದಿನಲ್ಲಿ ನನ್ನದು ಒಂದೇ

ನನಗೆ ಹಾಲು ಸೇರುವುದಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಅವ್ವನ ಬಾಯಿಂದ. ತಮ್ಮನನ್ನು ಕುಸ್ತಿ ಕಲಿಯಲು ಕೊಲ್ಹಾಪುರದ ತಾಲೀಮಿಗೆ ಹಾಕಿದ ವರ್ಷ ಅದು. ಮನೆಗೆ ಬಂದ ನೆಂಟರ ಮುಂದೆಲ್ಲ ಹಾಲಿನ ಲೋಟ ಬಂತು, ನನ್ನ ಮುಂದೆ ಬರಲಿಲ್ಲ. ಅವರಲ್ಲೊಬ್ಬರು ಹುಡುಗಿಗೆ ಎಲ್ಲಿ ಎಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಳ್ಳುತ್ತ, “ಆಕೀಗಿ ಹಾಲು ಸೇರಂಗಿಲ್ಲ ರೀ” ಅಂದಳು. ಹಿಂದಿನ ವಾರದವರೆಗೂ ನಾನು ದಿನಾ ಒಂದು ಲೋಟ ಕುಡಿಯುತ್ತಿದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ.

ನಮ್ಮದು ಗಡಹಿಂಗ್ಲಜ ತಾಲೂಕಿನ ಹಳ್ಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಎರಡರಲ್ಲೂ ಪೈಲವಾನನೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಮನೆಯಲ್ಲೊಬ್ಬ ಗಂಡುಹುಡುಗನನ್ನು ಪೈಲವಾನ ಮಾಡಬೇಕು ಎಂದು ತೀರ್ಮಾನವಾದರೆ ಆ ಮನೆಯ ಹಾಲು, ತುಪ್ಪ, ಬದಾಮಿ ಎಲ್ಲದರ ದಾರಿಯೂ ಒಂದೇ ಆಗುತ್ತದೆ. ನಮ್ಮ ಎರಡು ಎಮ್ಮೆಗಳ ಹಾಲು ದಿನಾ ಬೆಳಿಗ್ಗೆ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗುತ್ತಿತ್ತು. ಹಿಂಡುವವಳು ನಾನು, ಕ್ಯಾನು ಹೊತ್ತು ಬಸ್ಸಿನವರೆಗೆ ಒಯ್ಯುವವಳು ನಾನು. ಕಂಡಕ್ಟರ್ ಬಾಗಿಲಿಗೆ ಬಂದು, “ಪೈಲವಾನಾಚಂ ದೂಧ ಆಲಂ ಕಾ?” ಎಂದು ಕೇಳಿ ಕ್ಯಾನನ್ನು ಡ್ರೈವರನ ಪಕ್ಕದಲ್ಲಿ ಮರ್ಯಾದೆಯಿಂದ ಇಡುತ್ತಿದ್ದ. ಪೈಲವಾನನ ಹಾಲು ಬಂತೇ ಎಂದು ಕೇಳಿದನೇ ಹೊರತು ಪೈಲವಾನನ ಅಕ್ಕ ಬಂದಳೇ ಎಂದು ಯಾವತ್ತೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಖಾಲಿ ಕ್ಯಾನು ವಾಪಸ್ಸು ಬರುತ್ತಿತ್ತು, ಅದನ್ನು ತಿಕ್ಕಿ ತೊಳೆಯುವುದೂ ನನ್ನದೇ ಪಾಲು.

ಒಮ್ಮೆ ಅಪ್ಪನ ಜೊತೆ ನಾನೂ ಕೊಲ್ಹಾಪುರಕ್ಕೆ ಹೋಗಿದ್ದೆ. ತಾಲೀಮಿನ ಹೊಸ್ತಿಲ ಒಳಗೆ ಹೆಣ್ಣುಮಕ್ಕಳು ಕಾಲಿಡಬಾರದು, ಆದ್ದರಿಂದ ಕ್ಯಾನು ಒಳಗೆ ಹೋಯಿತು, ನಾನು ಹೊರಗೆ ನಿಂತೆ. ಬಾಗಿಲಿನ ಸಂದಿಯಿಂದ ಕುಸ್ತಿಯ ಕೆಂಪು ಮಣ್ಣು ಕಾಣುತ್ತಿತ್ತು. ಇಬ್ಬರು ಹುಡುಗರು ಅದಕ್ಕೆ ಕೊಡಗಟ್ಟಲೆ ಮಜ್ಜಿಗೆ ಸುರಿದು, ಎಣ್ಣೆ, ಅರಿಷಿಣ ಹಾಕಿ, ಕಾಲಿನಿಂದ ತುಳಿದು ಕಲಸುತ್ತಿದ್ದರು. ಮಣ್ಣು ಮೆತ್ತಗಾಗಬೇಕಂತೆ, ಅದಕ್ಕೆ. ಮಣ್ಣಿಗೂ ಮಜ್ಜಿಗೆ ಸೇರುತ್ತದೆ, ನನಗೆ ಮಾತ್ರ ಸೇರುವುದಿಲ್ಲ ಎಂದುಕೊಂಡೆ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಉರಿಯುತ್ತದೆ.

ಅಷ್ಟೆಲ್ಲ ಕುಡಿದವನು ಬಹುಮಾನದ ದೊಡ್ಡ ಗದೆ ಗೆದ್ದು ತಂದನೇ ಎಂದರೆ, ಇಲ್ಲ. ಸಣ್ಣಪುಟ್ಟ ಮೈದಾನಗಳಲ್ಲಿ ಹೆಸರು ಮಾಡುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಇಚಲಕರಂಜಿಯಲ್ಲಿ ಒಂದು ಮಗ್ಗದ ಖೋಲಿಯ ಮೇಲಿನ ಮಾಳಿಗೆ ಹಿಡಿದು ಜಿಮ್ ತೆಗೆದ. ನನ್ನನ್ನು ಕೊಟ್ಟದ್ದು ಪಕ್ಕದ ಕಬನೂರಿಗೆ. ಗಂಡ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ನಮ್ಮವರು ಅಂತ ಒಬ್ಬರು ಇದ್ದರೆ ಧೈರ್ಯ ಎಂದು ತಮ್ಮ ನನ್ನನ್ನು ಕರೆಸಿಕೊಂಡ. ಧೈರ್ಯ ಅಂದರೆ ಬೀಗ ತೆಗೆಯುವುದು, ನೆಲ ಒರೆಸುವುದು, ಹುಡುಗರಿಗೆ ಪ್ರೋಟೀನ್ ಪುಡಿ ಹಾಕಿ ಮಿಕ್ಸರಿನಲ್ಲಿ ಹಾಲು ತಿರುವಿ ಕೊಡುವುದು. ನಲವತ್ತರ ಹೊಸ್ತಿಲಲ್ಲಿ ನಿಂತು ನಾನು ಮತ್ತೆ ಪೈಲವಾನರಿಗೆ ಹಾಲು ಸಾಗಿಸತೊಡಗಿದೆ.

ಆ ಜಿಮ್ಮಿಗೆ ಒಂದು ದಿನ, ಬಾಕ್ಸಿಂಗಿನವರು ಮುಷ್ಟಿ ಪಳಗಿಸುವ ಸ್ಪೀಡ್ ಬ್ಯಾಗ್ ಬಂತು. ಕೊಲ್ಹಾಪುರದಲ್ಲಿ ಮುಚ್ಚಿಹೋದ ಯಾವುದೋ ಜಿಮ್ಮಿನ ಹಳೆಯ ಮಾಲು. ಗೋಡೆಗೆ ಕಬ್ಬಿಣದ ಚೌಕಟ್ಟು ಕೂಡಿಸಿ, ಅದರ ಕೆಳಗೊಂದು ದುಂಡನೆಯ ಹಲಗೆ, ಹಲಗೆಯ ನಡುವೆ ಎತ್ತ ಬೇಕಾದರೂ ತಿರುಗುವ ಕೊಂಡಿ, ಕೊಂಡಿಗೆ ತಲೆಕೆಳಗಾಗಿ ತೂಗುವ ತೊಗಲಿನ ಚೀಲ. ಗಾಳಿ ತುಂಬಿದಾಗ ಹಾಲು ಇಳಿದ ಕೆಚ್ಚಲಿನಷ್ಟು ಬಿಗಿಯಾಗಿತ್ತು. ಚೌಕಟ್ಟನ್ನು ತಮ್ಮ ತನ್ನ ಎತ್ತರಕ್ಕೆ ವೆಲ್ಡಿಂಗ್ ಮಾಡಿಸಿದ. ಮೊದಲ ಏಟೂ ಅವನದೇ. ಚೀಲ ಹೋಗಿ ಹಲಗೆಗೆ ಬಡಿದು ವಾಪಸ್ಸು ಬಂದ ಕೂಡಲೇ ಅವನ ಅಂಗೈ ತಾನಾಗಿ ತೆರೆದು ಅದನ್ನು ಹಿಡಿಯಿತು. ಮತ್ತೆ ಹೊಡೆದ, ಮತ್ತೆ ಹಿಡಿದ. ಕುಸ್ತಿಯಲ್ಲಿ ಮುಷ್ಟಿಗೆ ಕೆಲಸವಿಲ್ಲ. ಹಿಡಿಯುವುದೊಂದೇ ಗೊತ್ತಿದ್ದ ಕೈ. ಮೂರನೆಯ ಸಲ ಹಿಡಿಯಲು ತಡವಾಗಿ ಚೀಲ ಮೂಗಿಗೆ ಬಡಿಯಿತು. ಇದು ಬರೀ ನಾಟಕದ ಸಾಮಾನು ಎಂದು ಮೂಗು ಉಜ್ಜಿಕೊಳ್ಳುತ್ತ ಹೋದವನು ಮತ್ತೆ ಅದನ್ನು ಮುಟ್ಟಲಿಲ್ಲ. ಹುಡುಗರು ಬಂದು ಎರಡು ಏಟು ಹಾಕಿ, ಮೊಬೈಲಿನಲ್ಲಿ ತೆಗೆಸಿಕೊಂಡು, ಹೋಗುತ್ತಿದ್ದರು.

ಇದೇ ಹೊತ್ತಿಗೆ ಓಣಿಯ ಹೆಂಗಸರು ತಮಗೂ ಮಧ್ಯಾಹ್ನ ಒಂದು ಬ್ಯಾಚು ಬೇಕು, ಕಲಿಸುವವಳು ಹೆಂಗಸೇ ಆಗಬೇಕು ಎಂದು ಕೇಳತೊಡಗಿದ್ದರು. ತಮ್ಮ ಒಂದು ಸಂಜೆ ನನ್ನನ್ನು ಕೂಡಿಸಿಕೊಂಡು ಹೇಳಿದ: “ಅಕ್ಕಾ, ನೀನ ಕಲಿ. ಬ್ಯಾಗ್ ಮೂರು ಮಿನಿಟ್ ನಿಲ್ಲದಂಗ ಆಡಸಿದಿ ಅಂದ್ರ, ಅವತ್ತಿಂದ ಹೆಣ್ಮಕ್ಕಳ ಬ್ಯಾಚು ನಿಂದು. ರೂಢಿ ಆಗಬೇಕು, ಅಷ್ಟ.”

ತಮಾಷೆಗೆ ಅಂದನೋ ಏನೋ. ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಹುಟ್ಟಿದಂದಿನಿಂದ ನನ್ನ ಹೆಸರಿಗೆ ಇಡುತ್ತೇನೆ ಎಂದು ಯಾರಾದರೂ ಹೇಳಿದ ಮೊದಲ ವಸ್ತು ಆ ಬ್ಯಾಚು. ಅದು ನನಗೆ ಬೇಕಾಗಿತ್ತು, ಹಸಿದವರಿಗೆ ಊಟ ಬೇಕಾಗುವ ಹಾಗೆ ಬೇಕಾಗಿತ್ತು.

ಚೀಲದ ಉಬ್ಬಿದ ಭಾಗ ಹೊಡೆಯುವವರ ಬಾಯಿಯ ನೇರಕ್ಕೆ ಇರಬೇಕು. ನನಗೆ ಅದು ಹಣೆಗಿಂತ ಮೇಲಿತ್ತು. ಚೌಕಟ್ಟು ಇಳಿಸಿಕೊಡು ಎಂದರೆ ನಾಳೆ ವೆಲ್ಡಿಂಗಿನವನಿಗೆ ಹೇಳುತ್ತೇನೆ ಅನ್ನುತ್ತಿದ್ದ. ಆ ನಾಳೆ ಬರುವ ಲಕ್ಷಣ ಕಾಣದೆ, ಮನೆಯಿಂದ ಊಟಕ್ಕೆ ಕೂರುವ ಮಣೆ ತಂದು ಅದರ ಮೇಲೆ ನಿಂತೆ. ಅಗಲವಾದ, ಗೇಣೆತ್ತರದ ಹಲಸಿನ ಮಣೆ, ತವರಿನಿಂದ ನನಗೆ ಬಂದದ್ದು ಅದೊಂದೇ.

ನನ್ನ ಕೈಗೂ ಅದರದೇ ಆದ ಚಾಳಿ ಇತ್ತು. ಹತ್ತು ವರ್ಷ ಎಮ್ಮೆ ಹಿಂಡಿದ ಕೈ. ಮುಷ್ಟಿ ಗಟ್ಟಿ, ಮಣಿಕಟ್ಟು ಗಟ್ಟಿ, ಆದರೆ ಚೀಲ ಮುಟ್ಟಿದ ಕೂಡಲೇ ಕೈ ಕೆಳಕ್ಕೆ ಜಗ್ಗುತ್ತಿತ್ತು. ಎಡ, ಬಲ, ಎಡ, ಬಲ ಎಂದು ಒಂದರ ಬೆನ್ನಿಗೊಂದು ಹೋಗುತ್ತಿತ್ತು. ಹಿಂಡುವಾಗ ನಡುವೆ ಕಾಯುವ ಮಾತೇ ಇಲ್ಲ, ಕಾದರೆ ಎಮ್ಮೆ ಹಾಲು ಏರಿಸಿಬಿಡುತ್ತದೆ. ಇಲ್ಲಿ ನಿಯಮ ಬೇರೆ. ಒಂದು ಏಟು ಹಾಕಿದರೆ ಚೀಲ ಹಲಗೆಗೆ ಮೂರು ಸಲ ಬಡಿಯುತ್ತದೆ: ಆಚೆ, ಈಚೆ, ಮತ್ತೆ ಆಚೆ. ಆ ಮೂರೂ ಮುಗಿದು ಅದು ತಿರುಗಿ ಬರುವಾಗ ಮುಷ್ಟಿಯ ಮಗ್ಗುಲಿನಿಂದ, ಸಣ್ಣ ಸುತ್ತು ಸುತ್ತಿಸಿ, ಇನ್ನೊಂದು ಏಟು. ತಮ್ಮ ಮೊಬೈಲಿನಲ್ಲಿ ನೋಡಿ ಇಷ್ಟನ್ನು ಬಾಯಿಮಾತಲ್ಲಿ ಹೇಳಿದ್ದ. ಮಾಡಿ ತೋರಿಸುವುದು ಅವನಿಂದಾಗುತ್ತಿರಲಿಲ್ಲ.

ಬೆಳಿಗ್ಗೆಯ ಹುಡುಗರು ಹೋದ ಮೇಲೆ ಮಣೆ ಹತ್ತುತ್ತಿದ್ದೆ. ಕಿರುಬೆರಳಿನ ಮಗ್ಗುಲು ಸುಲಿದು ಹೋಯಿತು. ಕೆಳಗಿನ ಮಗ್ಗದವರು ಬಿಸಾಡಿದ ಬಟ್ಟೆಯ ಅಂಚು ಸುತ್ತಿಕೊಂಡೆ. ಕೈ ಎತ್ತಿ ಹಿಡಿದೂ ಹಿಡಿದೂ ಹೆಗಲು ಎಷ್ಟು ನೋಯುತ್ತಿತ್ತೆಂದರೆ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಕೂದಲು ಗಂಟು ಕಟ್ಟಿಕೊಂಡೇ ಓಡಾಡಿದೆ. ಸಿಟ್ಟಿನಿಂದ ಹೊಡೆದ ದಿನ ಚೀಲ ವಾರೆಯಾಗಿ ಓಡಿ ಮಾತೇ ಕೇಳುತ್ತಿರಲಿಲ್ಲ. ನನಗೋ ಸಿಟ್ಟಿಲ್ಲದ ದಿನ ಸಿಗುವುದೇ ಕಷ್ಟ. ಹೊಡೆಯುವ ಸಾಮಾನು ಅಂತ ಕೈಗೆ ಕೊಟ್ಟು, ಮೆಲ್ಲಗೆ ಹೊಡಿ ಅನ್ನುವುದು ಎಂಥ ನ್ಯಾಯವೋ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕೆಳಗಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಇಚಲಕರಂಜಿಯಲ್ಲಿ ಅಂಥ ನಿಶ್ಶಬ್ದ ಅಪರೂಪ. ಕೈಯಲ್ಲಿದ್ದ ಏಟು ಬಿದ್ದೇ ಬಿಟ್ಟಿತು, ಆಗ ಮೊದಲ ಸಲ ಮೂರೂ ಸದ್ದು ಬಿಡಿಬಿಡಿಯಾಗಿ ಕೇಳಿಸಿತು. ಮೊದಲನೆಯದು ನನ್ನ ಏಟಿನದು. ಉಳಿದೆರಡರಲ್ಲಿ ನನ್ನ ಪಾತ್ರವೇ ಇಲ್ಲ, ಸುಮ್ಮನೆ ಕೈ ಎತ್ತಿ ಹಿಡಿದು ಅವನ್ನು ಹೋಗಗೊಡಬೇಕು. ಬೇರೆಯವರದು ಮುಗಿಯುವವರೆಗೆ ಕಾಯುವುದು ನನಗೆ ಬಾರದ ವಿದ್ಯೆಯೇನಲ್ಲ, ಆ ಲೆಕ್ಕದಲ್ಲಿ ನಾನು ಹಳೆಯ ಪೈಲವಾನಳು. ಕಾದೆ, ಹೊಡೆದೆ, ಕಾದೆ, ಹೊಡೆದೆ. ಚೀಲ ನಿಲ್ಲಲಿಲ್ಲ. ಕರೆಂಟು ಬಂದು ಮಗ್ಗಗಳು ಶುರುವಾದಾಗಲೂ ಅದು ಆಡುತ್ತಲೇ ಇತ್ತು. ಅವತ್ತು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಬ್ಬಳೇ ಮಣೆಯ ಮೇಲೆ ನಿಂತು ನಕ್ಕೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರು ಮಿನಿಟು ಆಯಿತು. ತಮ್ಮನೇ ಮೊಬೈಲು ಹಿಡಿದು ಹೊತ್ತು ನೋಡಿದ, ಹಾಗೇ ಚಿತ್ರವನ್ನೂ ತೆಗೆದ. ಭಾಳ ಛಲೋ ಆತು ಎಂದ. ಮರುದಿನ ಜಿಮ್ಮಿನ ಹೆಸರು ಹಾಕಿ ಅದನ್ನು ಎಲ್ಲರಿಗೂ ಕಳಿಸಿದ. ನೋಡಿದರೆ ಅದರಲ್ಲಿ ಚೀಲ ಇತ್ತು, ನನ್ನ ಎರಡು ಮುಷ್ಟಿ ಇದ್ದವು. ಮುಖ ಇರಲಿಲ್ಲ, ಮಣೆಯೂ ಇರಲಿಲ್ಲ. ಮುಷ್ಟಿ ಚೆನ್ನಾಗಿ ಕಾಣಲಿ ಅಂತ ಹಾಗೆ ಕತ್ತರಿಸಿದೆ ಎಂದ. ನಂಬಿದೆ. ಬ್ಯಾಚು ಕೈಗೆ ಬರುವಾಗ ಮುಖದ ಮಾತೆಲ್ಲಿ ತೆಗೆಯುವುದು ಅನ್ನಿಸಿತು.

ಆ ಮುಷ್ಟಿಗಳನ್ನು ನೋಡಿಯೇ ಹೆಂಗಸರು ಬಂದರು. ಬ್ಯಾಚಿನ ಮೊದಲ ದಿನ ನಾನು ಹೊಸ ಚೂಡಿದಾರ ಹಾಕಿಕೊಂಡು, ಬೇಗನೆ ಹೋಗಿ, ನೆಲ ಒರೆಸಿ, ಮಣೆ ಇಟ್ಟು ನಿಂತೆ. ತಮ್ಮ ಬಂದ. ಜೊತೆಗೆ ಕೊಲ್ಹಾಪುರದಿಂದ ಕರೆತಂದ ಒಬ್ಬ ಹುಡುಗಿ, ಎದೆಯ ಮೇಲೆ ಜಿಮ್ಮಿನ ಹೆಸರಿದ್ದ ಹೊಸ ಟೀಶರ್ಟು. ಯಾವುದೋ ಕೋರ್ಸು ಮುಗಿಸಿ ಸರ್ಟಿಫಿಕೇಟು ಪಡೆದವಳಂತೆ. ಇನ್ನು ಮುಂದೆ ಇವರೇ ನಿಮಗೆ ಕಲಿಸುತ್ತಾರೆ ಎಂದು ಹೆಂಗಸರಿಗೆ ಮರಾಠಿಯಲ್ಲಿ ಹೇಳಿದ. ನನ್ನ ಕಡೆ ನೋಡಲಿಲ್ಲ. ಹಾಗೆ ನೋಡದೇ ಇರುವುದು ನಮ್ಮ ಮನೆತನದ ಕಲೆ.

ಮುಂದೆ ನಿಂತಿದ್ದ, ನಮ್ಮ ಕಡೆಯ ಕನ್ನಡದವಳೊಬ್ಬಳು ಸುಮ್ಮನಿರಲಿಲ್ಲ. ಮೊಬೈಲಿನಲ್ಲಿ ಬಂದ ಕೈ ಈ ಅಕ್ಕನದಲ್ಲವೇ, ಇವರು ಕಲಿಸುವುದಿಲ್ಲವೇ ಎಂದು ಕೇಳಿದಳು. ತಮ್ಮ ನಕ್ಕು ಹೇಳಿದ:

“ಅಕ್ಕಾಗ ಮುಂದ ನಿಂದ್ರೂದು ಸೇರಂಗಿಲ್ಲ ರೀ. ಮದಲಿಂದನೂ ಹಂಗ.”

ಅವ್ವ ಹೋಗಿ ಎಷ್ಟೋ ವರ್ಷ ಆಗಿದೆ. ಆದರೆ ಆ ಮಾತು ಅವಳದೇ, ಅದೇ ಧಾಟಿ, ಸೆರಗೊಂದು ಇರಲಿಲ್ಲ ಅಷ್ಟೆ. ಹೆಂಗಸರೆಲ್ಲ ಪಾಪ ಎಂಬಂತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ತಮ್ಮ ಹತ್ತಿರ ಬಂದು ದನಿ ತಗ್ಗಿಸಿದ. ಆ ಹುಡುಗಿಗೆ ಸ್ಪೀಡ್ ಬ್ಯಾಗ್ ಗೊತ್ತಿಲ್ಲ, ನಾಲ್ಕು ದಿನ ನೀನೇ ಹೇಳಿಕೊಡು, ಮೊದಲು ಅವಳಿಗೊಂದು ಲೋಟ ಹಾಲು ಮಾಡಿ ತಾ, ಪ್ರಯಾಣ ಮಾಡಿ ಬಂದಿದ್ದಾಳೆ ಎಂದ.

ಹಾಲು ಮಾಡಿದೆ. ಮಿಕ್ಸರಿನಿಂದ ಉದ್ದ ಲೋಟಕ್ಕೆ ತುಂಬ ಬಗ್ಗಿಸಿದೆ, ಮೇಲೆ ನೊರೆ ನಿಂತಿತು. ಆ ಹುಡುಗಿ ಕೈ ಚಾಚಿದಳು. ಅವಳ ತಪ್ಪೇನಿಲ್ಲ, ಅವಳ ಮೇಲೆ ನನಗೆ ಸಿಟ್ಟೂ ಇರಲಿಲ್ಲ. ಎಲ್ಲರ ನಡುವೆ ನಿಂತು ನಾನೇ ಕುಡಿದೆ, ತಳದ ಪುಡಿಯವರೆಗೆ.

“ಅಕ್ಕಾ, ನಿನಗ ಹಾಲು ಸೇರಂಗಿಲ್ಲಲಾ” ಅಂದ ತಮ್ಮ. ನಿಜವಾಗಿ ಗಾಬರಿಯಾಗಿದ್ದ. ಅವನು ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದು ಅದನ್ನೇ, ಅವನಿಗೆ ಅದು ಸುಳ್ಳೆಂದೇ ಗೊತ್ತಿರಲಿಲ್ಲ.

“ಸೇರತಿತ್ತು. ಯಾರೂ ಕೊಡಲಿಲ್ಲ” ಎಂದೆ.

ಮಗ್ಗಗಳ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ. ಖಾಲಿ ಲೋಟವನ್ನು ಅವನ ಕೈಗೆ ಕೊಟ್ಟೆ, ತೊಳೆಯಲಿ ಎಂದು. ಬೀಗದ ಕೈ ಮೇಜಿನ ಮೇಲಿಟ್ಟು, ಮಣೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಆ ಹುಡುಗಿ ನನಗಿಂತ ಕುಳ್ಳು. ಮೆಟ್ಟಿಲು ಇಳಿಯುವಾಗ ತಮ್ಮ ಫೋನಿನಲ್ಲಿ ಮಾತಾಡುವುದು ಕೇಳಿಸಿತು: ವೆಲ್ಡಿಂಗಿನವನಿಗೆ ಈಗಲೇ ಬಾ, ಚೌಕಟ್ಟು ಇಳಿಸಬೇಕು ಎನ್ನುತ್ತಿದ್ದ.

ಮನೆ ಮುಟ್ಟುವ ಮೊದಲೇ ಹೊಟ್ಟೆ ತೊಳಸತೊಡಗಿತು. ಸಂಜೆ ಪಾಳಿ ಮುಗಿಸಿ ಬಂದ ಗಂಡ, ಬಚ್ಚಲಲ್ಲಿ ಕೂತು ವಾಂತಿ ಮಾಡುವ ನನ್ನ ಬೆನ್ನು ನೀವುತ್ತ ಏನು ತಿಂದೆ ಎಂದು ಕೇಳಿದರು. ಹೇಳಿದೆ. ಸೇರುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ಕುಡಿಯಲು ಹೋದೆ ಎಂದು ಬೈದರು. ಅವರೂ ಸುಳ್ಳು ಹೇಳುತ್ತಿರಲಿಲ್ಲ, ಮದುವೆಯ ಹೊತ್ತಿಗೆ ಅವ್ವ ಅವರಿಗೂ ಅದನ್ನೇ ಹೇಳಿ ಕಳಿಸಿದ್ದಳು. ಅಷ್ಟು ವರ್ಷ ಕಾಣದ ಹಾಲನ್ನು ಹೊಟ್ಟೆ ಮರೆತೇಬಿಟ್ಟಿತ್ತು. ಅವ್ವನ ಮಾತು ನಡುವೆ ಯಾವಾಗಲೋ, ನನಗೆ ತಿಳಿಯದ ಹಾಗೆ, ನಿಜವಾಗಿ ಹೋಗಿತ್ತು. ಅದಕ್ಕೆ ಮಾತ್ರ ಅವತ್ತು ಅತ್ತೆ.

ಮರುದಿನ ಬೆಳಿಗ್ಗೆ ಡೇರಿಗೆ ಹೋಗಿ ಹಾಲು ತಂದೆ. ಕಾಯಿಸಿ, ಕಾಲು ಲೋಟ ಬಗ್ಗಿಸಿ, ಮಣೆಯ ಮೇಲೆ ಕೂತು ಕುಡಿದೆ. ಹೊಟ್ಟೆ ಮತ್ತೆ ತೊಳಸಿತು. ಅದರ ಮರುದಿನವೂ ಕುಡಿದೆ. ರೂಢಿ ಆಗಬೇಕು, ಅಷ್ಟೆ.