ಮಡಗಾಸ್ಕರದ ಮಳೆ ಯಾವ ಕಡೆಯಿಂದ?

ಮೈದಾಹಿಟ್ಟಿಗೆ ಉಪ್ಪು ಹಾಕಿ ಕಲಸಿ, ಊಟದ ಮೇಜಿನ ಮೇಲೆ ಇಡೀ ಮಡಗಾಸ್ಕರ್ ದ್ವೀಪವನ್ನೇ ತಟ್ಟಿ ಮಲಗಿಸಿದ್ದೆ. ಖಲೀಫಾ ಸಿಟಿಯ ನಮ್ಮ ಮನೆಯಲ್ಲಿ ಆ ಶುಕ್ರವಾರ ಸಂಜೆ ತಟ್ಟೆ ಇಡಲೂ ಜಾಗವಿರಲಿಲ್ಲ. ಮರುದಿನ ದುಬೈಯ ಕನ್ನಡ ತರಗತಿಗೆ ಪ್ರತಿ ಮಗುವೂ ಒಂದು ದ್ವೀಪ ಮಾಡಿ ತಂದು, ಅದರ ಬಗ್ಗೆ ಕನ್ನಡದಲ್ಲಿ ಮಾತಾಡಬೇಕಿತ್ತು. ನನ್ನ ಮಗಳು ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆ ತರಗತಿಯಲ್ಲಂತೂ ಸೇರಿದಾಗಿನಿಂದ ತುಟಿಪಿಟಕ್ ಎಂದಿರಲಿಲ್ಲ. ದ್ವೀಪ ಹೇಗಾದರೂ ಇರಲಿ, ಅವಳು ನಾಲ್ಕು ಜನರ ಮುಂದೆ ಕನ್ನಡ ಮಾತಾಡಬೇಕು ಎನ್ನುವುದೇ ನನ್ನ ಹಟ.

ಕಾಡಿಗೆಂದು ಅಲ್ ಮೀನಾ ಮಾರುಕಟ್ಟೆಯಿಂದ ಕೊತ್ತಂಬರಿ ಸೊಪ್ಪಿನ ಕಟ್ಟುಗಳನ್ನು ತಂದಿದ್ದೆ. ಒಣನಾಡಿಗೆ ಮರಳು ಬೇಕಿತ್ತು. ಈ ದೇಶದಲ್ಲಿ ಅದಕ್ಕೇನು ಬರ, ಗೇಟಿನ ಹೊರಗೆ ಬಗ್ಗಿದರೆ ಸಾಕು. ಮಡಗಾಸ್ಕರದ ದಪ್ಪ ಹೊಟ್ಟೆಯ ಬಾವೋಬಾಬ್ ಮರಗಳಿಗೆ ಪುಟ್ಟ ಬದನೆಕಾಯಿಗಳನ್ನು ನೆಟ್ಟಗೆ ನಿಲ್ಲಿಸಿದೆ. ತೊಟ್ಟೇ ಕೊಂಬೆ! ನನ್ನ ಕೈಚಳಕಕ್ಕೆ ನಾನೇ ಮರುಳಾದೆ. ನಡುವೆ ಉದ್ದಕ್ಕೂ ಬೆಟ್ಟಸಾಲು ಎಬ್ಬಿಸಿ, ಪಶ್ಚಿಮಕ್ಕೆ ಕೊತ್ತಂಬರಿ ಕಾಡು ನೆಟ್ಟೆ, ಪೂರ್ವಕ್ಕೆ ಮರಳು ಸುರಿದೆ. ಉಡುಪಿಯವಳಿಗೆ ಇದನ್ನೂ ಯಾರಾದರೂ ಹೇಳಿಕೊಡಬೇಕೇ?

ಮಗಳು ಬಂದು ನೋಡಿ ಕಿರುಚಿದಳು. “ಅಮ್ಮಾ, ಟೋಟಲಿ ರಾಂಗ್! ರೇನ್ ಕಮ್ಸ್ ಫ್ರಮ್ ದಿ ಈಸ್ಟ್!”

“ಎಂತ ಈಸ್ಟ್? ಮಳೆ ಬರುವುದು ಪಡುವಣ ಕಡಲಿಂದ. ಘಟ್ಟಕ್ಕೆ ಬಡಿದು ಸುರಿಯುವುದು. ನಂಗೆ ಕಲಿಸ್ಲಿಕ್ಕೆ ಬರ್ಬೇಡ ನೀನು!”

ಮೈಸೂರಿನವರಾದ ನನ್ನ ಗಂಡ ಸೋಫಾದಿಂದಲೇ ನಕ್ಕರು. “ನಿಮ್ಮಮ್ಮ ಘಟ್ಟಾನೂ ಲಗೇಜಲ್ಲಿ ಹಾಕ್ಕೊಂಡು ಬಂದಿದ್ದಾಳೆ ಕಣಮ್ಮ.”

ಮಗಳು ನಕ್ಷೆ ತೆರೆದು ತೋರಿಸಿದಳು. ಅಲ್ಲಿ ಗಾಳಿ ಹಿಂದೂ ಮಹಾಸಾಗರ ದಾಟಿ ಪೂರ್ವದಿಂದ ಬೀಸುತ್ತದೆ, ಕಡಿದಾದ ಪೂರ್ವದ ಇಳಿಜಾರಿಗೆ ಬಡಿದು ಅಲ್ಲೇ ಮಳೆ ಸುರಿಸುತ್ತದೆ. ಎತ್ತರದ ನಡುನಾಡು ದಾಟಿ ಪಶ್ಚಿಮಕ್ಕೆ ಇಳಿಯುವಷ್ಟರಲ್ಲಿ ಅದರ ಕೈ ಬಹುಪಾಲು ಖಾಲಿ. ನನಗೆ ಮೈ ಜುಮ್ಮೆಂದಿತು. ನಮ್ಮ ಕರಾವಳಿಯನ್ನೇ ಕನ್ನಡಿಯಲ್ಲಿ ನೋಡಿದ ಹಾಗಿತ್ತು! “ಯಲ್ಲಾ, ಕೀಳು ಕಾಡು!” ಎಂದು ಇಲ್ಲಿನ ಅರಬ್ಬಿ ಬೆರೆಸಿ ಅವಸರಪಡಿಸಿದೆ. ಮೂವರೂ ಸೇರಿ ಕಾಡನ್ನು ಬೆಟ್ಟ ದಾಟಿಸಿದೆವು.

ಮರುದಿನ ತರಗತಿಯಲ್ಲಿ ಮಗಳು ದ್ವೀಪವನ್ನು ಮುಂದಿಟ್ಟುಕೊಂಡು ನಿಂತಳು. ವಾಲಿದ ಬದನೆಕಾಯಿಯೊಂದನ್ನು ಮತ್ತೆ ಮತ್ತೆ ನೆಟ್ಟಗೆ ನಿಲ್ಲಿಸಿದಳು. ಅಷ್ಟರಲ್ಲಿ ಹಿಂದೆ ಕೂತಿದ್ದ ಅಪ್ಪ ಅಮ್ಮಂದಿರ ಸಾಲಿನಿಂದ ಮಂಗಳೂರಿನ ಕಡೆಯವರೊಬ್ಬರು, “ಮಗಾ, ಕಾಡು ಆಚೆ ಬದಿಗೆ ಅಲ್ವಾ?” ಎಂದರು. ಪಕ್ಕದವರು, “ಹೌದಲ್ಲ ಮಾರಾಯ್ರೆ, ಮಳೆ ಪಶ್ಚಿಮದಿಂದ ಅಲ್ವಾ ಬರುವುದು?” ಎಂದರು. ಕರಾವಳಿಯ ಅಪ್ಪ ಅಮ್ಮಂದಿರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಬಾಯಿ ಹಾಕಲು ಹೊರಟ ನನ್ನ ಕೈಯನ್ನು ಗಂಡ ಗಟ್ಟಿಯಾಗಿ ಹಿಡಿದುಕೊಂಡರು.

ಮಗಳ ಮುಖ ಕೆಂಪಾಯಿತು. ಆ ಸಿಟ್ಟು ನನ್ನಿಂದಲೇ ಬಂದದ್ದು, ಅನುಮಾನವಿಲ್ಲ.

“ಎಲ್ಲ ಕಡೆ ಮಳೆ ನಿಮ್ಮೂರಿನ ಹಾಗೇ ಬರ್ಬೇಕಾ ಅಂಕಲ್? ಇಲ್ಲಿ ಗಾಳಿ ಪೂರ್ವದಿಂದ ಬರ್ತದೆ. ನೋಡಿ ಇಲ್ಲಿ!”

ಆಮೇಲೆ ಕಟ್ಟೆ ಒಡೆಯಿತು. ಚಂಡಮಾರುತ, ಕಡಲನ್ನೇ ಕೆಂಪು ಮಾಡುವ ಹೊಳೆಗಳ ಮಣ್ಣು, ಕೋತಿಯ ಹಾಗೆ ಮರದಿಂದ ಮರಕ್ಕೆ ಹಾರುವ ಲೆಮೂರ್ ಪ್ರಾಣಿ, ಎಲ್ಲವೂ ಬಂತು. ನಡುನಡುವೆ ಇಂಗ್ಲಿಷ್ ಇಣುಕುತ್ತಿತ್ತು, ಆದರೆ ಮಾತು ನಮ್ಮ ಮನೆಯ ಕನ್ನಡ. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಟೀಚರ್ ಗಡಿಯಾರ ನೋಡಿ, “ಸಾಕು ಪುಟ್ಟಾ, ಬೇರೆಯವರೂ ಇದ್ದಾರೆ” ಎಂದರು.

“ಒಂದ್ನಿಮಿಷ ನಿಲ್ಲಿ ಟೀಚರ್,” ಎಂದಳು ಮಗಳು. “ದಕ್ಷಿಣದ ಮುಳ್ಳುಕಾಡು ಇನ್ನೂ ಬಾಕಿ ಉಂಟು!”